ತಿಂಗಳ ಖರ್ಚು ಹಗುರವಾಯಿತು. ಇಡುಗಂಟು ಎಲ್ಲಿಂದ ತರುವುದು?

ಕಡತಗಾರ

ಗ್ಯಾರಂಟಿ ಯೋಜನೆಗಳು ಬೇಕೋ ಬೇಡವೋ ಎಂಬ ಜಗಳವನ್ನು ಕೇಳಿ ಕೇಳಿ ಸಾಕಾಗಿದೆ. ಒಂದು ಕಡೆಯವರು ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುತ್ತಾರೆ, ಇನ್ನೊಂದು ಕಡೆಯವರು ಫಲಾನುಭವಿಗಳ ಸಂಖ್ಯೆ ಹೇಳಿ ಮಾತು ಮುಗಿಸುತ್ತಾರೆ. ನನ್ನ ಪ್ರಶ್ನೆ ಬೇರೆ. ರಾಜ್ಯ ಸರ್ಕಾರದ ನೀತಿಯಿಂದ ಒಂದು ಕುಟುಂಬದ ತಿಂಗಳ ಖರ್ಚು ಎಷ್ಟು ಇಳಿಯಿತು ಎಂಬುದು ಒಂದು ಲೆಕ್ಕ. ಆ ಕುಟುಂಬ ಇದ್ದ ಸ್ಥಿತಿಯಿಂದ ಮೇಲೆ ಬಂದಿತೇ ಎಂಬುದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಪುಟದಲ್ಲಿ ಬರೆದು ಗೊಂದಲ ಮಾಡಿಕೊಂಡಿದ್ದೇವೆ.

ಮೊದಲ ಲೆಕ್ಕ ನನ್ನ ಮಟ್ಟಿಗೆ ಸ್ಪಷ್ಟ. 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಜುಲೈನಿಂದ ಮಿತಿಯೊಳಗೆ ಬಳಸುವ ಮನೆಗೆ ಕರೆಂಟ್ ಬಿಲ್ ಇಲ್ಲ. ಆಗಸ್ಟ್ ಕೊನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಶುರುವಾಯಿತು. ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದಿದ್ದಾಗ ತಲೆಗೆ 170 ರೂಪಾಯಿ ಕೊಟ್ಟರು, 2025ರಲ್ಲಿ ಮತ್ತೆ ಅಕ್ಕಿಗೇ ಮರಳಿದರು. ಇನ್ನು ವಾಪಸ್ ಹೋದದ್ದು: 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಡೀಸೆಲ್‌ನದು ಶೇ 14.34ರಿಂದ 18.44ಕ್ಕೆ, ಮರುವರ್ಷ ಏಪ್ರಿಲ್‌ನಲ್ಲಿ 21.17ಕ್ಕೆ ಹೋಯಿತು. 2025ರ ಜನವರಿ 5ರಿಂದ ಬಸ್ ದರ ಶೇ 15 ಹೆಚ್ಚು. ಅದನ್ನು ಕಟ್ಟುವವರು ಗಂಡಸರು. ಏಪ್ರಿಲ್ 1ರಂದು ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದೇ ದಿನದಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಯ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು. ಇಷ್ಟೆಲ್ಲ ಕಳೆದರೂ ಪಡಿತರ ಚೀಟಿ ಇರುವ ಬಡ ಕುಟುಂಬ ಗಳಿಕೆಯಲ್ಲಿಯೇ ಇದೆ. ದಿನಕ್ಕೊಂದು ಲೀಟರ್ ಹಾಲು ಕೊಳ್ಳುವ ಮನೆಗೆ ಹೆಚ್ಚಿದ್ದು ತಿಂಗಳಿಗೆ 120 ರೂಪಾಯಿ, ಬರುತ್ತಿರುವುದು 2,000. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು ಎನ್ನುವವರು ದಯವಿಟ್ಟು ಕೂಡಿಸಿ ಕಳೆದು ನೋಡಿ.

ಎರಡನೆಯ ಲೆಕ್ಕದಲ್ಲಿ ನನಗೆ ಸಮಾಧಾನವಿಲ್ಲ. ಬಡವರು ಮೇಲೆ ಬರುವ ಪ್ರತಿ ತಿರುವಿನಲ್ಲಿಯೂ ಒಮ್ಮೆಗೇ ಕಟ್ಟಬೇಕಾದ ದೊಡ್ಡ ಮೊತ್ತವೊಂದು ನಿಂತಿರುತ್ತದೆ. ಕೆಲಸ ಸಿಗುವ ಊರಿಗೆ ಹೋಗಬೇಕೆಂದರೆ ಮನೆಯ ಅಡ್ವಾನ್ಸ್. ಮಗಳು ಪಿಯುಸಿ ದಾಟಿದರೆ ಕಾಲೇಜಿನ ಶುಲ್ಕ. ನಿವೇಶನ ಕೊಂಡರೆ ನೋಂದಣಿಯ ಹಣ. ತಿಂಗಳಿಗೆ ಎರಡು ಸಾವಿರ ಬರುವ ಮನೆಯವರು ಒಮ್ಮೆಗೆ ಎಂಬತ್ತು ಸಾವಿರ ಬೇಕಾದಾಗ ಸಂಘದ ಸಾಲಕ್ಕೆ ಓಡುತ್ತಾರೆ. ಆಮೇಲೆ ಆ ಎರಡು ಸಾವಿರ ವಾರದ ಕಂತಿಗೆ ಹೋಗುತ್ತದೆ. ನಮ್ಮ ನೀತಿಗಳು ಹೊಟ್ಟೆಪಾಡನ್ನು ನೋಡಿಕೊಂಡವು, ಇಡುಗಂಟನ್ನು ನೋಡಲಿಲ್ಲ. ಇದಕ್ಕೆ ನಿಮ್ಮ ಅನುಭವ ಏನು ಹೇಳುತ್ತದೆ?

ಸೂಜಿದಾರ

ಸರ್, ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು. ಬಸ್ಸನ್ನು ನೀವು ‘ಖರ್ಚು ಇಳಿಯಿತು’ ಎಂಬ ಸಾಲಿಗೆ ಸೇರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲು ನಾನು ಮನೆಯಿಂದ ನಡೆದು ಹೋಗಬಹುದಾದ ಫ್ಯಾಕ್ಟರಿಯಲ್ಲಿ ಮಾತ್ರ ಕೆಲಸ ಹುಡುಕುತ್ತಿದ್ದೆ. ನಗರ ಸಾರಿಗೆಯ ಸಾಮಾನ್ಯ ಮಾಸಿಕ ಪಾಸ್ ಆಗ 1,050 ರೂಪಾಯಿ ಇತ್ತು. ದೂರದ ಕಡೆ ಸಂಬಳ ಒಂದು ಸಾವಿರ ಹೆಚ್ಚಿದ್ದರೂ ಅದು ಪಾಸ್‌ಗೇ ಮುಗಿಯುತ್ತಿತ್ತು. ಹತ್ತಿರದ ಫ್ಯಾಕ್ಟರಿಯ ಸೂಪರ್‌ವೈಸರ್‌ಗೂ ಇದು ಗೊತ್ತಿತ್ತು. ಇವರು ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿದ್ದವನ ಬಾಯಿ ಹೇಗಿರುತ್ತದೆ ಎಂದು ನಾನು ಬರೆಯುವುದು ಬೇಡ.

ಟಿಕೆಟ್ ಹಣ ನಿಂತ ಮೇಲೆ ನಮ್ಮ ಬೀದಿಯ ಹೆಂಗಸರು ಮೂರು ನಾಲ್ಕು ಕಡೆ ಕೇಳಿ ನೋಡಿದರು. ನಾನು ಹೊಲಿಗೆಯಿಂದ ಚೆಕಿಂಗ್‌ಗೆ ಬಂದೆ, ದೂರದ ಫ್ಯಾಕ್ಟರಿಯಲ್ಲಿ. ಸಂಬಳ ಮಹಾ ಏನೂ ಏರಲಿಲ್ಲ. ಆದರೆ ‘ಬಿಟ್ಟು ಹೋಗುತ್ತೇನೆ’ ಎಂದು ಹೇಳಲು ಬಂತು. ಇದನ್ನು ಯಾವ ಲೆಕ್ಕದ ಪುಟದಲ್ಲಿ ಬರೆಯುತ್ತೀರಿ?

ಕಡತಗಾರ

ಅಕ್ಕ, ಇದನ್ನು ಎರಡನೆಯ ಪುಟದಲ್ಲಿಯೇ ಬರೆಯಬೇಕು. ಕೆಲಸ ಹುಡುಕುವ ಸುತ್ತಳತೆ ದೊಡ್ಡದಾದರೆ ಕೂಲಿಯ ಚೌಕಾಸಿಯೂ ಬದಲಾಗುತ್ತದೆ. 2025ರ ಜುಲೈ ವೇಳೆಗೆ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅದರಲ್ಲಿ ಧರ್ಮಸ್ಥಳದ ದಾರಿಯ ಬಸ್ಸುಗಳನ್ನು ಮಾತ್ರ ಎಣಿಸಿ ನಗುವವರು ಬೆಳಗಿನ ಆರೂವರೆಯ ಬಸ್ಸನ್ನು ಒಮ್ಮೆ ನೋಡಲಿ. ಆದರೂ ಕೇಳುತ್ತೇನೆ: ಫ್ಯಾಕ್ಟರಿಯ ಹತ್ತಿರವೇ ಮನೆ ಮಾಡಲು ಏಕೆ ಆಗಲಿಲ್ಲ?

ಸೂಜಿದಾರ

ಅಡ್ವಾನ್ಸ್.

ಮಹಡಿಮನೆ

ಮನೆ ಮಾಲೀಕರ ಕಡೆಯಿಂದಲೂ ಒಂದು ಮಾತು ಇರಲಿ. ನಿವೃತ್ತಿಯ ಹಣದಲ್ಲಿ ಮೇಲೆ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇನೆ, ಬೆಂಗಳೂರಿನಲ್ಲಿ. ಹತ್ತು ತಿಂಗಳ ಅಡ್ವಾನ್ಸ್ ಎಂದರೆ ನಮ್ಮನ್ನು ರಾಕ್ಷಸರಂತೆ ನೋಡುತ್ತೀರಿ. ಆ ರೂಢಿ ಏಕೆ ಬೆಳೆಯಿತು ಎಂದು ಯಾರೂ ಕೇಳುವುದಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ 1999ರದು. ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯವೇ ಆಗುವುದಿಲ್ಲ. ಇಂದು ಬೆಂಗಳೂರಿನಲ್ಲಿ 3,500ಕ್ಕೆ ಯಾವ ಮನೆ ಸಿಗುತ್ತದೆ? ಆದ್ದರಿಂದ ಉಳಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಸಿವಿಲ್ ದಾವೆಗೆ ಹೋಗಬೇಕು. ಬಾಡಿಗೆ ಕೊಡದೆ ಕುಳಿತವನನ್ನು ಎಬ್ಬಿಸಲು ವರ್ಷಗಳೇ ಹಿಡಿಯುತ್ತವೆ. ನನ್ನ ಬಳಿ ಇರುವ ಅಡ್ವಾನ್ಸ್ ಒಂದೇ ಭದ್ರತೆ. ಹನ್ನೊಂದು ತಿಂಗಳ ಕರಾರು ಏಕೆಂದು ಕೇಳುತ್ತೀರಾದರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೆ ಮತ್ತೆ ಖರ್ಚು. ಇಡೀ ವ್ಯವಸ್ಥೆ ಹೀಗೆ ಕಾನೂನಿನ ಪಕ್ಕದ ಗಲ್ಲಿಯಲ್ಲಿ ನಡೆಯುತ್ತಿದೆ.

ಕಡತಗಾರ

ಮಹಡಿಮನೆಯವರೇ, ನೀವು ಹೇಳಿದ್ದು ನನ್ನ ವಾದಕ್ಕೇ ಬಲ. ಸರ್ಕಾರ ಒಂದು ರೂಪಾಯಿ ಖರ್ಚು ಮಾಡದೆ ಬದಲಿಸಬಹುದಾದ ನೀತಿ ಇದು. 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಭದ್ರತಾ ಠೇವಣಿ ಪಡೆಯಬಾರದು ಎನ್ನುತ್ತದೆ, ಜೊತೆಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯವನ್ನೂ ಹೇಳುತ್ತದೆ. ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ತಮಿಳುನಾಡಿನ ಕಾಯ್ದೆ, ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳು ಎನ್ನುತ್ತದೆ. ನಾವು ಎರಡು ದಶಕ ದಾಟಿದ ಕಾಯ್ದೆಯಲ್ಲಿ 3,500ರ ಗೆರೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಹನ್ನೆರಡು ಸಾವಿರದ ಮನೆಗೆ ಹತ್ತು ತಿಂಗಳೆಂದರೆ 1,20,000. ಆರು ತಿಂಗಳಿಗೆ ಇಳಿಸಿದರೂ 72,000. ಗೃಹಲಕ್ಷ್ಮಿಯ ಹಣವನ್ನು ಮುಟ್ಟದೆ ಮೂರು ವರ್ಷ ಕೂಡಿಟ್ಟರೆ ಬರುವುದು ಅಷ್ಟೇ 72,000.

ಮಹಡಿಮನೆ

ಎರಡೇ ತಿಂಗಳ ಠೇವಣಿಗೆ ನಾನು ಸಿದ್ಧ, ಆರು ತಿಂಗಳೊಳಗೆ ತೀರ್ಪು ಕೊಡುವ ನ್ಯಾಯಾಲಯವನ್ನು ಮೊದಲು ತೋರಿಸಿ. ಠೇವಣಿಗೆ ಮಿತಿ ಹಾಕಿ ನ್ಯಾಯಾಲಯವನ್ನು ಮರೆತರೆ ಬ್ಯಾಚುಲರ್‌ಗಳಿಗೆ, ಹೊಸದಾಗಿ ಊರಿಗೆ ಬಂದವರಿಗೆ ಯಾರೂ ಮನೆ ಕೊಡುವುದಿಲ್ಲ. ಈಗಲೇ ಜಾತಿ ಕೇಳಿ ಕೊಡುವವರು ಕಡಿಮೆಯೇ?

ಸೂಜಿದಾರ

ಬಿಟ್ಟು ಹೋಗುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದನ್ನೂ ಬರೆಯಿರಿ. ಬಣ್ಣ ಬಳಿದದ್ದನ್ನು ನಾನು ಇದುವರೆಗೆ ನೋಡಿಲ್ಲ.

ಲೆಕ್ಕಪತ್ರ

ಇಲ್ಲಿ ಯಾರೂ ಮುಟ್ಟದ ವಿಷಯ, ಹಣ ಎಲ್ಲಿಂದ ಬರುತ್ತದೆ ಎಂಬುದು. 2024–25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ಇಟ್ಟರು. ಬಜೆಟ್‌ನ ಗಾತ್ರ 3.71 ಲಕ್ಷ ಕೋಟಿ. ಅಂದರೆ ಏಳು ರೂಪಾಯಿಯಲ್ಲಿ ಒಂದು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತನ್ನ ಇಚ್ಛೆಯಂತೆ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆಗಳು ಉಳಿದದ್ದು ಕೆಲವೇ: ಪೆಟ್ರೋಲ್–ಡೀಸೆಲ್, ಮದ್ಯ, ನೋಂದಣಿ–ಮುದ್ರಾಂಕ, ವಾಹನ. ಜಿಎಸ್‌ಟಿ ಪರಿಹಾರ 2022ರ ಜೂನ್‌ಗೆ ನಿಂತಿತು. ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು ಹದಿನಾಲ್ಕನೇ ಹಣಕಾಸು ಆಯೋಗದ ಕಾಲದ ಶೇ 4.713ರಿಂದ ಹದಿನೈದನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಸೆಸ್, ಸರ್‌ಚಾರ್ಜ್‌ಗಳಲ್ಲಿ ಪಾಲೇ ಇಲ್ಲ. ಹೀಗಿರುವಾಗ ಯಾವ ಪಕ್ಷ ಬಂದರೂ ಕೈ ಹಾಕುವುದು ಅದೇ ನಾಲ್ಕು ಜಾಗಕ್ಕೆ.

ಇದರ ಪರಿಣಾಮವನ್ನು ಗಮನಿಸಿ. ಆದಾಯ ತೆರಿಗೆಯಾದರೆ ಹೆಚ್ಚು ದುಡಿಯುವವರು ಹೆಚ್ಚು ಕಟ್ಟುತ್ತಾರೆ. ಅದು ಕೇಂದ್ರದ ಕೈಯಲ್ಲಿದೆ. ರಾಜ್ಯದ ಬಳಿ ಇರುವ ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಆದ್ದರಿಂದ ತಿಂಗಳಿಗೆ 25,000 ಸಂಬಳದವನೂ ಎರಡೂವರೆ ಲಕ್ಷದವನೂ ಒಂದೇ ಮೊತ್ತ ಕಟ್ಟುತ್ತಾರೆ. ಡೀಸೆಲ್ ತೆರಿಗೆಯನ್ನು ನೇರವಾಗಿ ಕಟ್ಟದವರೂ ತರಕಾರಿಯಲ್ಲಿ ಕಟ್ಟುತ್ತಾರೆ. ಹಾಗೆಂದು ಡೀಸೆಲ್ ವಿಚಾರದಲ್ಲಿ ಗೋಳಾಡುವವರಿಗೆ ಒಂದು ನೆನಪು: ಏರಿಕೆಯ ಬಳಿಕವೂ ಕೇರಳ, ಆಂಧ್ರಗಳಿಗಿಂತ ನಮ್ಮಲ್ಲಿ ಅದು ಅಗ್ಗ.

ಕಡತಗಾರರ ಇಡುಗಂಟಿನ ಮಾತಿಗೆ ಒಂದು ಪುರಾವೆ ಸೇರಿಸುತ್ತೇನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ಮೂವತ್ತು ಲಕ್ಷದ ಫ್ಲ್ಯಾಟ್‌ಗೆ ಹೆಚ್ಚುವರಿ ಮೂವತ್ತು ಸಾವಿರ. ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ನೋಂದಣಿಗೆಂದು ಸರ್ಕಾರ ಗೊತ್ತುಮಾಡುವ ಆಸ್ತಿಯ ಮಾರ್ಗಸೂಚಿ ದರಗಳು ಏರಿದ್ದವು. ಮೊತ್ತಕ್ಕಿಂತ ಮುಖ್ಯವಾದ ವಿಷಯ ಇನ್ನೊಂದು: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಹತ್ತು ಲಕ್ಷ ಮೀರಿದ ಮನೆಗಳಿಗೆ ಸಾಲದ ಪ್ರಮಾಣ ಲೆಕ್ಕ ಹಾಕುವಾಗ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬೆಲೆಗೆ ಸೇರಿಸುವಂತಿಲ್ಲ. ಗೃಹಸಾಲ ಮಂಜೂರಾದವರೂ ಈ ಹಣವನ್ನು ಕೈಯಿಂದಲೇ ತರಬೇಕು. ಮೊದಲ ಮನೆ ಕೊಳ್ಳುವವರು ಬಂಗಾರ ಅಡವಿಡುವುದು ಇಲ್ಲಿಯೇ.

ಹಾಲಿನಕ್ಯಾನ್

ಹಾಲಿನ ನಾಲ್ಕು ರೂಪಾಯಿಯನ್ನು ಎಲ್ಲರೂ ‘ಬೆಲೆ ಏರಿಕೆ’ ಎಂದು ಬರೆದಿದ್ದೀರಿ. ಮಂಡ್ಯ ಕಡೆ ಡೇರಿಗೆ ಹಾಲು ಹಾಕುವ ನಮಗೆ ಅದು ಆದಾಯ ಏರಿಕೆ. ಹಿಂಡಿ, ಬೂಸದ ಚೀಲದ ಬೆಲೆ ಎಷ್ಟಾಗಿದೆ ಎಂದು ಯಾವ ಟಿವಿಯವರೂ ಹೇಳುವುದಿಲ್ಲ. ಸರ್ಕಾರ ಲೀಟರಿಗೆ ಕೊಡುವ ಐದು ರೂಪಾಯಿ ಪ್ರೋತ್ಸಾಹಧನ ಸಮಯಕ್ಕೆ ಬಂದರೆ ಸಾಕು. ಹದಿನೈದು ದಿನಕ್ಕೊಮ್ಮೆ ಬಟವಾಡೆ ಬರುವ ಏಕೈಕ ಬೇಸಾಯ ಇದು, ಇದರಿಂದಲೇ ನಮ್ಮ ಮನೆಯಲ್ಲಿ ಶಾಲೆಯ ಖರ್ಚು ನಡೆಯುತ್ತದೆ. ಅಷ್ಟೇ ಹೇಳಬೇಕಿತ್ತು.

ತೊಗರಿನಾಡು

ಕಲಬುರಗಿ ಜಿಲ್ಲೆಯಲ್ಲಿ ಪಿಯು ಕಾಲೇಜಿನ ಉಪನ್ಯಾಸಕ ನಾನು. ಬೆಂಗಳೂರಿನ ಅಡ್ವಾನ್ಸ್ ವಿಷಯ ಓದುತ್ತಾ ಇದ್ದೆ. ನಮ್ಮ ಹುಡುಗರು ಅಲ್ಲಿಯವರೆಗೆ ಬರುವುದೇ ಕಡಿಮೆ.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆಯಿತು. ಆ 39ರಲ್ಲಿ ದೊಡ್ಡ ಪಾಲು ನಮ್ಮ ಕಡೆಯದು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಮೀಸಲಾತಿ ಬಂತು. ಮೀಸಲಾತಿಯಿಂದ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳು ಸಿಕ್ಕಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೀಟು ಸಿಕ್ಕ ವಾರ ಏನಾಗುತ್ತದೆ ಎಂಬುದನ್ನು ನೋಡಿದವರಿಗೆ ಗೊತ್ತು. ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ ಎಲ್ಲವೂ ಕಾಗದದ ಮೇಲೆ ಇದೆ. ಮರುಪಾವತಿ ಎಂಬ ಹೆಸರೇ ಹೇಳುವಂತೆ, ಮೊದಲು ನೀವು ಕಟ್ಟಬೇಕು. ಕಾಲೇಜಿನವರು ಪ್ರವೇಶದ ದಿನ ಹಣ ಕೇಳುತ್ತಾರೆ, ಸರ್ಕಾರದ ಹಣ ಪರೀಕ್ಷೆಯ ಹೊತ್ತಿಗೆ ಬಂದರೆ ಪುಣ್ಯ. ನಡುವಿನ ಅವಧಿಗೆ ಅಪ್ಪ ಊರ ಸಾಹುಕಾರನ ಬಳಿ ಸಹಿ ಹಾಕಿರುತ್ತಾನೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ನಾಲ್ಕು. ನನ್ನ ವಿದ್ಯಾರ್ಥಿಯೊಬ್ಬ ಸೀಟು ಪಡೆದೂ ಹೋಗಲಿಲ್ಲ. ತೊಗರಿ ಮಾರಾಟವಾಗಲು ಇನ್ನೂ ಐದು ತಿಂಗಳಿತ್ತು.

ಗುಳೆ ಹೋಗುವ ಮನೆಗಳ ಕಥೆ ಇನ್ನೂ ಬೇರೆ. ಅಕ್ಕಿ ಈಗ ಹೋದ ಊರಿನಲ್ಲಿಯೂ ಸಿಗುತ್ತದೆ, ಅದು ಒಳ್ಳೆಯದಾಯಿತು. ಮಕ್ಕಳ ಶಾಲೆ ಮಾತ್ರ ಅವರ ಜೊತೆ ಹೋಗುವುದಿಲ್ಲ. ದೀಪಾವಳಿ ಮುಗಿಸಿ ಹೋದ ಹುಡುಗ ಯುಗಾದಿಗೆ ಬಂದರೆ ಅವನನ್ನು ಯಾವ ಬೆಂಚಿನಲ್ಲಿ ಕೂರಿಸುವುದು?

ಲೆಕ್ಕಪತ್ರ

ತೊಗರಿನಾಡಿನವರೇ, ಶಾಲೆಯ ಮಾತು ಬಂದದ್ದರಿಂದ: ಕಡ್ಡಾಯ ಶಿಕ್ಷಣ ಹಕ್ಕಿನಡಿ ಖಾಸಗಿ ಶಾಲೆಯ ಶೇ 25 ಸೀಟುಗಳು ಬಡ ಮಕ್ಕಳಿಗೆ ಸಿಗುತ್ತಿದ್ದವು. 2018–19ರಲ್ಲಿ ನಿಯಮ ತಿದ್ದಿದರು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದಾಯಿತು. ಹೈಕೋರ್ಟ್ ಕೂಡ ಒಪ್ಪಿತು. ಸರ್ಕಾರಿ ಶಾಲೆ ಉಳಿಯಲಿ ಎಂಬ ಉದ್ದೇಶ ಸರಿ. ಆದರೆ ಅದರಿಂದ ಉಳಿದ ಹಣ ಆ ಸರ್ಕಾರಿ ಶಾಲೆಗೇ ಹೋಗಬೇಕಿತ್ತು. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಗೆ ಮಗುವನ್ನು ಕಳಿಸಲು ಮನಸ್ಸಿಲ್ಲದ ತಾಯಿ ಇಂದು ಅದೇ ಗೃಹಲಕ್ಷ್ಮಿಯ ಹಣವನ್ನು ಕಾನ್ವೆಂಟಿನ ಶುಲ್ಕಕ್ಕೆ ಕಟ್ಟುತ್ತಿದ್ದಾಳೆ. ಒಂದು ಇಲಾಖೆ ಉಳಿಸಿದ್ದನ್ನು ಇನ್ನೊಂದು ಇಲಾಖೆ ಕೊಡುತ್ತಿದೆ, ನಡುವೆ ಖಾಸಗಿ ಶಾಲೆಯವರಿಗೆ ಲಾಭ.

ಪಡುವಣಗಾಳಿ

ನಾನು ದಕ್ಷಿಣ ಕನ್ನಡದವಳು. ಇಡುಗಂಟು ಎಂಬ ಮಾತು ಓದಿ ಅಜ್ಜನ ಡಿಕ್ಲರೇಶನ್ ನೆನಪಾಯಿತು. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರಲ್ಲ, ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎನ್ನುತ್ತಾರೆ. ಅಜ್ಜನಿಗೆ ಎರಡು ಎಕರೆಯ ಸುಮಾರು ಗದ್ದೆ, ಸ್ವಲ್ಪ ಬಾಗಾಯ್ತು ಸಿಕ್ಕಿತು. ಅಲ್ಲಿಯವರೆಗೆ ಬೆಳೆದ ಅಕ್ಕಿಯ ದೊಡ್ಡ ಪಾಲು ಗೇಣಿಗೆ ಹೋಗುತ್ತಿತ್ತು. ಅದು ನಿಂತದ್ದು ಖರ್ಚಿನ ಇಳಿಕೆ. ಭೂಮಿಯ ಪಹಣಿಯಲ್ಲಿ ಹೆಸರು ಬಂದದ್ದು ಬೇರೆಯೇ ವಿಷಯ. ಆ ಪಹಣಿಯನ್ನು ಸೊಸೈಟಿಯಲ್ಲಿ ಇಟ್ಟು ಸಾಲ ತೆಗೆದು ಅಮ್ಮನನ್ನು ಟಿಸಿಎಚ್‌ಗೆ, ಅಂದರೆ ಶಿಕ್ಷಕರ ತರಬೇತಿಗೆ, ಕಳಿಸಿದರು. ಅಮ್ಮ ಶಿಕ್ಷಕಿಯಾದರು. ಮುಂದಿನದನ್ನು ಹೇಳಬೇಕಾಗಿಲ್ಲ.

ದೇವರಾಜ ಅರಸು ಅವರ ಕಾಲದ ಸರ್ಕಾರ ತಿಂಗಳಿಗಿಷ್ಟು ಎಂದು ಕೊಡಲಿಲ್ಲ. ಆಸ್ತಿಯನ್ನೇ ಕೊಟ್ಟಿತು, ಜೊತೆಗೆ ಹಿಂದುಳಿದ ವರ್ಗದ ಹಾಸ್ಟೆಲ್ ಕೊಟ್ಟಿತು. ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿ 1975ರಲ್ಲಿ ಬಂತು, ನೌಕರಿಯ ಬಾಗಿಲು ತೆರೆಯಿತು. ಮೂರೂ ಒಟ್ಟಿಗೆ ಸಿಕ್ಕ ಮನೆಗಳು ಒಂದೇ ತಲೆಮಾರಿನಲ್ಲಿ ಬದಲಾದವು. 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದರು. ಅಂದು ಇಡುಗಂಟನ್ನು ಹಂಚಿದ ಅದೇ ಶಾಸನ ಈಗ ಇಡುಗಂಟು ಇದ್ದವರಿಗೆ ದಾರಿ ಬಿಟ್ಟಿದೆ.

ಮಹಡಿಮನೆ

ಅಮ್ಮಾ, ಎಲ್ಲ ಜಿಲ್ಲೆಯಲ್ಲಿಯೂ ಹಾಗೆ ಆಗಲಿಲ್ಲ. ಬಯಲುಸೀಮೆಯಲ್ಲಿ ಬಾಯಿಮಾತಿನ ಗೇಣಿಗೆ ದಾಖಲೆ ಇರಲಿಲ್ಲ. ಭೂಮಿಯೇ ಇಲ್ಲದ ಕೂಲಿಯವರಿಗೆ, ಅಂದರೆ ಬಹುಪಾಲು ದಲಿತರಿಗೆ, ಡಿಕ್ಲರೇಶನ್ ಹಾಕಲು ಏನೂ ಇರಲಿಲ್ಲ.

ಪಡುವಣಗಾಳಿ

ನಿಜ, ಅದು ಗೇಣಿದಾರರ ಕಾಯ್ದೆ, ಕೂಲಿಗಳದ್ದಲ್ಲ. ಪರಿಶಿಷ್ಟ ಜಾತಿ, ಪಂಗಡಗಳಿಗೆಂದು 2013ರಲ್ಲಿ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಮಾಡಿ ಬಜೆಟ್‌ನಲ್ಲಿ ಪಾಲು ಎತ್ತಿಟ್ಟರು. ಈಗ ಅದೇ ಹಣದಿಂದ ಗ್ಯಾರಂಟಿಗಳ ಖರ್ಚನ್ನೂ ತೂಗಿಸುತ್ತಿದ್ದಾರೆ. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸಮರ್ಥನೆ. ಕೊಳವೆಬಾವಿಗೋ ವಸತಿ ಶಾಲೆಗೋ ಹೋಗಬೇಕಾಗಿದ್ದ ದುಡ್ಡು ತಿಂಗಳ ಎರಡು ಸಾವಿರವಾಗಿ ಹಂಚಿಹೋದರೆ, ಕಡತಗಾರರ ಭಾಷೆಯಲ್ಲಿ, ಇಡುಗಂಟನ್ನು ಚಿಲ್ಲರೆ ಮಾಡಿದಂತೆ.

ಕಡತಗಾರ

ನಾನು ಹೇಳಲು ತಡವರಿಸುತ್ತಿದ್ದ ಮಾತನ್ನು ನೀವು ಹೇಳಿಬಿಟ್ಟಿರಿ.

ಗೃಹಜ್ಯೋತಿಯ ಒಂದು ವಿಚಿತ್ರವನ್ನೂ ದಾಖಲಿಸುತ್ತೇನೆ. 200 ಯೂನಿಟ್ ಉಚಿತ ಎಂಬುದು ಘೋಷಣೆ. ನಿಯಮದಲ್ಲಿರುವುದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10. ಹಿಂದೆ 180 ಯೂನಿಟ್ ಸುಡುತ್ತಿದ್ದ ಮನೆಗೆ 198 ಉಚಿತ. ಫ್ರಿಜ್ ಇಲ್ಲದೆ 60ರಲ್ಲಿ ಬದುಕುತ್ತಿದ್ದ ಮನೆಗೆ 66. ಸರಾಸರಿ 48ರೊಳಗಿನವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಮಾಡಿದರು, ಅಷ್ಟೇ ಸಮಾಧಾನ. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಹೋದವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು ಶೇ 10 ಸೇರಿಸಿ ಲೆಕ್ಕ. ಹೀಗೆ, ಫ್ರಿಜ್ ಕೊಂಡು ಬದುಕು ಸ್ವಲ್ಪ ಸುಧಾರಿಸಿಕೊಳ್ಳುವವರಿಗೆ ಸಿಗುವುದು ಕಡಿಮೆ, ಮೊದಲೇ ಸುಧಾರಿಸಿಕೊಂಡಿದ್ದವರಿಗೆ ಹೆಚ್ಚು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಬಳಕೆಯನ್ನು ಹದ್ದುಬಸ್ತಿನಲ್ಲಿಡಲು ಬರೆದ ನಿಯಮ ಬಡತನವನ್ನೂ ಹದ್ದುಬಸ್ತಿನಲ್ಲಿಟ್ಟಿತು.

ಈಗ ನನ್ನ ಸಲಹೆ. ಗೃಹಲಕ್ಷ್ಮಿಯ ಹಣವನ್ನು ಬೇಕಾದವರು ವರ್ಷಕ್ಕೊಮ್ಮೆ, ಜೂನ್‌ನಲ್ಲಿ, 24,000 ಒಟ್ಟಿಗೆ ಪಡೆಯುವ ಆಯ್ಕೆ ಕೊಡಲಿ. ಪ್ರವೇಶದ ಸಮಯಕ್ಕೆ ಸರಿಯಾಗುತ್ತದೆ. ಬಜೆಟ್‌ಗೆ ಹೆಚ್ಚುವರಿ ಹೊರೆ ಇಲ್ಲ. ಕೆಲವು ತಿಂಗಳ ಬಾಕಿ ಒಟ್ಟಿಗೆ ಜಮೆಯಾದಾಗ ಹೊಲಿಗೆ ಯಂತ್ರ ಕೊಂಡವರ, ಮಗನ ಶುಲ್ಕ ಕಟ್ಟಿದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ತಡವಾಗಿ ಬಂದ ಹಣ ಇಡುಗಂಟಾಯಿತು ಎಂಬುದೇ ಇದರಲ್ಲಿರುವ ವ್ಯಂಗ್ಯ.

ಸೂಜಿದಾರ

ಸರ್, ಬೇಡ.

ತಿಂಗಳಿಗೆ ಬರುವ ಎರಡು ಸಾವಿರ ನನ್ನ ಕೈಯಲ್ಲಿ ಉಳಿಯುತ್ತದೆ, ಏಕೆಂದರೆ ಅದು ಸಣ್ಣದು. ಗ್ಯಾಸ್, ಮಾತ್ರೆ, ಚೀಟಿಯ ಕಂತು ಎಂದು ನಾನೇ ಮುಗಿಸುತ್ತೇನೆ, ಯಾರೂ ಲೆಕ್ಕ ಕೇಳುವುದಿಲ್ಲ. ಒಮ್ಮೆಗೇ ಇಪ್ಪತ್ತನಾಲ್ಕು ಸಾವಿರ ಬಂದರೆ ಅದು ಮನೆಯ ಹಣವಾಗುತ್ತದೆ. ಮನೆಯ ಹಣ ಎಂದರೆ ಗಂಡಸರ ಹಣ. ಬೈಕಿನ ಕಂತು, ಮೈದುನನ ಸಾಲ, ಊರ ಜಾತ್ರೆ ಎಲ್ಲವೂ ಜೂನ್‌ನಲ್ಲಿಯೇ ನೆನಪಾಗುತ್ತದೆ. ಆಯ್ಕೆ ಕೊಡಿ ಎನ್ನುತ್ತೀರಿ. ಆ ಆಯ್ಕೆಯ ಅರ್ಜಿಯನ್ನು ಯಾರು ತುಂಬಿಸುತ್ತಾರೆ ಎಂದು ಯೋಚಿಸಿದ್ದೀರಾ?

ಹಣ ತಡವಾಗಿ ಬಂದು ಹೊಲಿಗೆ ಯಂತ್ರ ಕೊಂಡವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ತಡವಾಗಿ ಬಂದು ಚೀಟಿಗೆ ಕಟ್ಟಲಾಗದೆ ಮರ್ಯಾದೆ ಹೋದವರದ್ದು ಬರುವುದಿಲ್ಲ.

ತೊಗರಿನಾಡು

ಮೇಡಂ ಹೇಳುವುದು ಸರಿ. ಒಟ್ಟು ಹಣ ತಾಯಿಯ ಖಾತೆಗೆ ಬರುವುದಕ್ಕಿಂತ ಬೇಕಾದ ಜಾಗಕ್ಕೆ ನೇರವಾಗಿ ಹೋಗಲಿ. ಶುಲ್ಕವನ್ನು ಮರುಪಾವತಿ ಮಾಡುವ ಬದಲು ಪ್ರವೇಶದ ದಿನವೇ ಸರ್ಕಾರ ಕಾಲೇಜಿಗೆ ಹೊಣೆಯಾಗಲಿ. ಮಾದರಿ ಇಲ್ಲದ್ದೇನಲ್ಲ: ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಶಿಕ್ಷಣ ಸಾಲ ಶೇ 2ರ ಬಡ್ಡಿಗೆ ಸಿಗುತ್ತದೆ. ಸಾಹುಕಾರನ ಬಡ್ಡಿ ತಿಂಗಳಿಗೆ ಮೂರು, ಇದು ವರ್ಷಕ್ಕೆ ಎರಡು. ಎಲ್ಲ ಅರ್ಹರಿಗೂ, ಪ್ರವೇಶದ ವಾರದೊಳಗೆ ಸಿಗುವಷ್ಟು ಅದನ್ನು ದೊಡ್ಡದು ಮಾಡಿದರೆ ನನ್ನ ಕಾಲೇಜಿನ ಮಟ್ಟಿಗೆ ಅರ್ಧ ಸಮಸ್ಯೆ ಮುಗಿಯುತ್ತದೆ. ಹಾಸ್ಟೆಲ್ ಸಿಗದವರಿಗೆ ಕೊಡುವ ವಿದ್ಯಾಸಿರಿಯ ತಿಂಗಳ ಹಣ ಇಂದು ನಗರದಲ್ಲಿ ಒಂದು ಹಾಸಿಗೆಗೂ ಸಾಲದು, ಅದನ್ನೂ ನೋಡಬೇಕು.

ಲೆಕ್ಕಪತ್ರ

ಅಡ್ವಾನ್ಸ್‌ಗೂ ಹೀಗೆಯೇ ಮಾಡಬಹುದು. ಹಣ ಕೊಡುವ ಬದಲು ಖಾತರಿ ಕೊಡುವುದು. ಬಾಡಿಗೆದಾರ ಓಡಿಹೋದರೆ ಇಷ್ಟು ತಿಂಗಳ ಬಾಡಿಗೆ ನಿಧಿಯಿಂದ ಮಾಲೀಕರಿಗೆ ಸಿಗುತ್ತದೆ ಎಂದಾದರೆ ಮಹಡಿಮನೆಯವರು ಎರಡು ತಿಂಗಳಿಗೆ ಒಪ್ಪಬಹುದು. ಎಲ್ಲರೂ ಓಡಿಹೋಗುವುದಿಲ್ಲ, ಆದ್ದರಿಂದ ನಿಧಿಗೆ ಬೀಳುವ ಖರ್ಚು ಕಡಿಮೆ.

2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದರು, ಆಮೇಲೆ ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ಬಾಗಿಲಿಗೆ ಬಂದು ಬೈಯುವವನನ್ನು ತಡೆಯುವುದು ಬೇಕು, ಅನುಮಾನವಿಲ್ಲ. ಆದರೆ ಆ ಸಾಲ ಏಕೆ ಬೇಕಾಯಿತು ಎಂದು ಕೇಳಿದರೆ ಮತ್ತೆ ಇದೇ ಆಸ್ಪತ್ರೆ, ಕಾಲೇಜು, ಅಡ್ವಾನ್ಸ್, ಮದುವೆ.

ಮಹಡಿಮನೆ

ನಿಧಿಯ ಹಣ ನನಗೆ ಬರಲು ಎಷ್ಟು ಕಚೇರಿ ಸುತ್ತಬೇಕು ಎಂಬುದರ ಮೇಲೆ ನನ್ನ ಒಪ್ಪಿಗೆ ನಿಂತಿದೆ. ವಿದ್ಯಾರ್ಥಿವೇತನದ ಗತಿಯೇ ಆದರೆ ಅಡ್ವಾನ್ಸೇ ವಾಸಿ. ಒಂದು ತಿಂಗಳಲ್ಲಿ ಬರುತ್ತದೆಂದರೆ ಕರಾರಿಗೆ ನಾಳೆಯೇ ಸಹಿ ಹಾಕುತ್ತೇನೆ.

ಸೂಜಿದಾರ

ಸುಣ್ಣಬಣ್ಣದ ಒಂದು ತಿಂಗಳನ್ನೂ ಆ ನಿಧಿಯಿಂದಲೇ ಮುರಿದುಕೊಳ್ಳುತ್ತೀರಾ ಸರ್?

ಮಹಡಿಮನೆ

ಬಣ್ಣ ಬಳಿದ ರಸೀದಿ ತೋರಿಸಿದ ಮೇಲೆ, ಆಗಬಹುದೇ?

ತೊಗರಿನಾಡು

ಅರಿವು ಸಾಲದ ಬಗ್ಗೆ ಇಬ್ಬರು ಪೋಷಕರು ನನ್ನನ್ನು ಪ್ರತ್ಯೇಕವಾಗಿ ಕೇಳಿದ್ದಾರೆ. ಜಿಲ್ಲಾ ಕೇಂದ್ರದಲ್ಲಿರುವ ನಿಮ್ಮ ವರ್ಗದ ಅಭಿವೃದ್ಧಿ ನಿಗಮದ ಕಚೇರಿಯಲ್ಲಿ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಫಲಿತಾಂಶಕ್ಕೆ ಕಾಯದೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.